ಇಪ್ಪತ್ತೈದನೆಯ ಸಾಲು

ಗೌಸಮೊದ್ದೀನ ಕೀಬೋರ್ಡ್ ನೋಡಿಕೊಂಡು ಟೈಪು ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಎಷ್ಟೋ ಸಲ ಪರದೆಯನ್ನೂ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರ ಮುಖ ನೋಡುತ್ತ, ಮೊಣಕಾಲು ನೋವು ಹೇಗಿದೆ, ಮಗಳಿಗೆ ವರ ಗೊತ್ತಾಯಿತೇ ಎಂದು ವಿಚಾರಿಸುತ್ತ, ಅವರ ಹೆಗಲ ಪಕ್ಕದಿಂದ ಕೈ ಚಾಚಿ ಬೆರಳಾಡಿಸಿ ಮುಗಿಸಿಬಿಡುತ್ತಿದ್ದ. ಮಾತು ಮುಗಿಯುವ ಹೊತ್ತಿಗೆ ಕೆಟ್ಟಿದ್ದ ಪರದೆ ಸರಿಯಾಗಿರುತ್ತಿತ್ತು. ಈ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವಿತ್ತು. ನಾನು ಅದನ್ನು ಮುಖಕ್ಕೇ ಹೇಳುತ್ತಿದ್ದೆ, ಅವನು ನಗುತ್ತಿದ್ದ.

ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಔಷಧ ಅಂಗಡಿಯಲ್ಲಿ ಇಡೀ ಆಯುಷ್ಯ ಕಳೆದು ಹೋದ ವರ್ಷ ನಿವೃತ್ತಳಾದವಳು. ಆಸ್ಪತ್ರೆಯ ಹೆಸರು ಬೇಡ. ಹೆಸರು ಹೇಳಿದರೆ ಜನ ಅದನ್ನಷ್ಟೇ ಹಿಡಿದುಕೊಂಡು ಜಯಾಳನ್ನು ಮರೆಯುತ್ತಾರೆ. ಮೊದಲೇ ಮರೆತಿದ್ದಾರೆ.

ಅಲ್ಲಿ ರೋಗಿಗಳ ವಿವರ ಇಡುವ ಪ್ರೋಗ್ರಾಮು ಬಹಳ ಹಳೆಯದು. ಮೌಸಿಲ್ಲ, ಚಿತ್ರವಿಲ್ಲ, ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ, ಸುತ್ತಲೂ ಗೆರೆ ಎಳೆದ ಚೌಕಟ್ಟು, ಅಷ್ಟೇ. ಅಸಲಿ ಮಾಹಿತಿಯೆಲ್ಲ ಎರಡನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿದ್ದ ಸರ್ವರಿನಲ್ಲಿ. ಕೆಳಗಿನ ಕೌಂಟರುಗಳ ಕಂಪ್ಯೂಟರುಗಳು ಆ ಕೋಣೆಯೊಳಗೆ ಇಣುಕುವ ಕಿಟಕಿಗಳಿದ್ದಂತೆ. ಕರೆಂಟು ಹೋಗಿ ಬಂದಾಗಲೆಲ್ಲ ಈ ಕಿಟಕಿಗಳ ಚೌಕಟ್ಟು ಹಾಳಾಗುತ್ತಿತ್ತು. ಅಡ್ಡಗೆರೆ ಇದ್ದಲ್ಲಿ ಸಾಲಾಗಿ ಕ್ಯೂ ಅಕ್ಷರ, ಉದ್ದಗೆರೆ ಇದ್ದಲ್ಲಿ ಎಕ್ಸ್ ಅಕ್ಷರ ತುಂಬಿಕೊಳ್ಳುತ್ತಿದ್ದವು. ನಮ್ಮ ಮಂದಿ ಅದಕ್ಕೆ ಇರುವೆ ಹತ್ತಿದವು ಅನ್ನುತ್ತಿದ್ದರು. ಕೌಂಟರಿನಿಂದ ಕೂಗು ಬರುತ್ತಿತ್ತು: ಮಾಮಾ, ಇರುವಿ ಹತ್ತ್ಯಾವ್ರಿ. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಗೌಸಮೊದ್ದೀನ ಎಲ್ಲರಿಗೂ ಮಾಮಾ.

ಇದು ಯಾಕೆ ಹೀಗಾಗುತ್ತದೆ ಎಂದು ಅವನು ನನಗೆ ಒಮ್ಮೆ ಬಿಡಿಸಿ ಹೇಳಿದ್ದ. ಎದುರಿಗಿರುವ ಪರದೆ ಯಾವ ಜಾತಿಯದು, ಅದರಲ್ಲಿ ಎಷ್ಟು ಸಾಲು ಹಿಡಿಸುತ್ತವೆ ಎನ್ನುವುದನ್ನು ಸರ್ವರು ತನ್ನ ಕಣ್ಣಿಂದ ನೋಡುವುದಿಲ್ಲ, ಯಾರೋ ಹೇಳಿದ್ದನ್ನು ನಂಬುತ್ತದೆ. ಹೇಳಿದ್ದು ತಪ್ಪಾದರೆ, ಗೆರೆ ಎಳೆ ಎಂದು ಅದು ಕಳಿಸಿದ ಮಾತನ್ನು ಪರದೆ ಕ್ಯೂ ಬರೆ ಎಂದು ತಿಳಿದುಕೊಳ್ಳುತ್ತದೆ. ಅವನ ಔಷಧ ಮೂರೇ ಆದೇಶಗಳು. ಮೊದಲನೆಯದು ಪರದೆಯ ತಲೆ ನೆಟ್ಟಗೆ ಮಾಡುವ ರೀಸೆಟ್. ಎರಡನೆಯದು ಪರದೆಯ ಜಾತಿ ಹೇಳುವುದು. ಮೂರನೆಯದು ಇಲ್ಲಿ ಇಪ್ಪತ್ತೈದು ಸಾಲು ಹಿಡಿಸುತ್ತವೆ ಎಂದು ಹೇಳುವುದು. ಹೊಡೆಯುವಾಗ ಅಕ್ಷರಗಳು ಪರದೆಯ ಮೇಲೆ ಮೂಡದಿದ್ದರೂ ಅವನ ಬೆರಳು ತಪ್ಪುತ್ತಿರಲಿಲ್ಲ.

ಒಂದು ಸಲ ಕಾಯಂ ಆಗಿ ಸರಿ ಮಾಡಿಬಿಡಬಾರದೇನಪ್ಪ ಎಂದು ನಾನು ಕೇಳಿದ್ದುಂಟು. ಪ್ರತಿ ಟೇಬಲ್ಲಿನದು ಬೇರೆ ಬೇರೆ ಕಂಪ್ಯೂಟರ್, ಒಂದಕ್ಕೆ ಆಗುವುದು ಇನ್ನೊಂದಕ್ಕೆ ಆಗುವುದಿಲ್ಲ ಅಂದ. ಇರಬಹುದು. ಆದರೆ ಕರೆದಲ್ಲಿಗೆ ಹೋಗುವುದು, ಹೋದಲ್ಲಿ ಚಹಾ ಕುಡಿಯುವುದು, ಮಾಮಾ ಬಂದ್ರು ಅನ್ನಿಸಿಕೊಳ್ಳುವುದು ಅವನಿಗೆ ಹಿಡಿಸಿತ್ತು ಎಂದು ನನ್ನ ಲೆಕ್ಕ. ಕರೆಯದಿದ್ದರೂ ಹೋಗುತ್ತಿದ್ದ. ಗೋಡೆಯ ಮೇಲೆ ಫೋಟೋ ಸೊಟ್ಟಗಿದ್ದರೆ ಕೆಲವರ ಕೈ ತಾನಾಗಿ ಅದರತ್ತ ಹೋಗುತ್ತದಲ್ಲ, ಹಾಗೆ. ದಿನಾ ಒಂದು ಸುತ್ತು ಹಾಕಿ ಕೆಟ್ಟ ಪರದೆ, ಕೆಡದ ಪರದೆ ಎನ್ನದೆ ಎಲ್ಲ ಟೇಬಲ್ಲುಗಳಲ್ಲೂ ಆ ಮೂರು ಆದೇಶ ಹೊಡೆದು ಬರುತ್ತಿದ್ದ. ಕೆಟ್ಟಮೇಲೆ ಓಡಾಡುವುದಕ್ಕಿಂತ ಇದು ಮೇಲು ಎಂದು ಅವನ ವಾದ.

ಈ ಚಾಳಿ ಅಪ್ಪನಿಂದ ಬಂದದ್ದು. ಅಪ್ಪ ಅಬ್ದುಲಮಜೀದ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಕೆಟ್ಟ ರೇಡಿಯೋ ಹಿಡಿದು ಬಂದವರು ಅದು ಯಾವಾಗ ಕೆಟ್ಟಿತು, ಹೇಗೆ ಕೆಟ್ಟಿತು ಎಂದು ಕಥೆ ಶುರು ಮಾಡಿದರೆ ಅಬ್ದುಲಮಜೀದರು ಕೇಳುತ್ತಿರಲಿಲ್ಲವಂತೆ. ಮೊದಲು ಅದು ಹಾಡಬೇಕು, ಕಥೆಯೆಲ್ಲ ಆಮೇಲೆ. ಹಾಡತೊಡಗಿದ ಮೇಲೆ ಕಥೆ ಯಾರಿಗೂ ಬೇಕಾಗುತ್ತಿರಲಿಲ್ಲ. ಮಗ ಟೈಪಿಂಗ್ ಕ್ಲಾಸಿಗೆ ಹೋಗಿ ಬೆರಳು ಪಳಗಿಸಿಕೊಂಡ, ಆಸ್ಪತ್ರೆಗೆ ಆ ಪ್ರೋಗ್ರಾಮು ಬಂದ ವರ್ಷವೇ ಕೆಲಸಕ್ಕೆ ಸೇರಿದ. ಕಾಲ ಬದಲಾಯಿತು, ರೋಗ ಕೇಳುವ ಮೊದಲೇ ಮದ್ದು ಕೊಡುವ ರೂಢಿ ಹಾಗೇ ಉಳಿಯಿತು.

ಇನ್ನು ಜಯಾ. ಗೋಪನಕೊಪ್ಪದವಳು, ದಾಖಲಾತಿ ಕೌಂಟರಿನಲ್ಲಿ ಕೂರುತ್ತಿದ್ದಳು. ರೋಗಿ ಒಳಗೆ ಬಂದ ಕೂಡಲೇ, ಹಿಂದೆ ಎಂದಾದರೂ ಇಲ್ಲಿಗೆ ಬಂದವರೇ ಎಂದು ಹುಡುಕಿ, ಅವರ ಹಳೆಯ ವಿವರವನ್ನು ವಾರ್ಡಿಗೆ ಫೋನಿನಲ್ಲಿ ಓದಿ ಹೇಳುವುದು ಅವಳ ಕೆಲಸ. ಆ ವಿವರದ ಪುಟದಲ್ಲಿ ಕಟ್ಟಕಡೆಯದು ಇಪ್ಪತ್ತೈದನೆಯ ಸಾಲು. ಯಾವುದಾದರೂ ಔಷಧ ಆ ರೋಗಿಗೆ ಆಗದಿದ್ದರೆ ಅದು ಅಲ್ಲಿರುತ್ತಿತ್ತು. ನೂರಕ್ಕೆ ತೊಂಬತ್ತು ಜನರಿಗೆ ಅದು ಖಾಲಿಯೇ. ಜಯಾ ಸುಮ್ಮನೆ ಕೆಲಸ ಮಾಡುವವಳಲ್ಲ, ಗೊಣಗಿಕೊಂಡು ಮಾಡುವವಳು. ಆದರೆ ಅವಳು ಓದಿ ಹೇಳಿದ್ದರಲ್ಲಿ ತಪ್ಪಿತ್ತು ಎಂದು ಯಾವ ಸಿಸ್ಟರೂ ದೂರಿದ್ದನ್ನು ನಾನು ಕೇಳಿಲ್ಲ. ಇರುವೆ ಹತ್ತಿದ ಪರದೆಯನ್ನೂ ಅವಳು ಹಾಗೇ ಓದುತ್ತಿದ್ದಳು. ಎಲ್ಲರೂ ಓದುತ್ತಿದ್ದರು. ಸರದಿ ಬಾಗಿಲಾಚೆ ಬೆಳೆದಿರುವಾಗ ಗೆರೆ ಚೆಂದಿಲ್ಲ ಎಂದು ಕೆಲಸ ನಿಲ್ಲಿಸಲು ಆಗುತ್ತದೆಯೇ?

ಅದು ಮಳೆಗಾಲದ ಒಂದು ಗುರುವಾರ. ಬೆಳಗಿನಿಂದ ಕರೆಂಟು ಕಣ್ಣುಮುಚ್ಚಾಲೆ ಆಡುತ್ತಿತ್ತು. ಕುಂದಗೋಳದ ಕಡೆಯ ಹಳ್ಳಿಯಿಂದ ಹುಲಿಗೆವ್ವ ಎಂಬ ಹೆಂಗಸನ್ನು ಜ್ವರ ನೆತ್ತಿಗೇರಿ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ತಂದರು. ಜೊತೆಗೆ ಮಗ ಯಮನಪ್ಪ. ಅವ್ವ ಹಿಂದೊಮ್ಮೆ ಇಲ್ಲಿಗೆ ಬಂದಿದ್ದಳು ಅನ್ನುವುದಷ್ಟೇ ಅವನಿಗೆ ಗೊತ್ತು, ಆಗ ಅವಳ ಜೊತೆ ಬಂದಿದ್ದ ಅಪ್ಪ ಈಗಿಲ್ಲ. ಜಯಾ ಹೆಸರು ಹಾಕಿ ಹುಡುಕಿದಳು, ವಿವರ ಸಿಕ್ಕಿತು. ಚೌಕಟ್ಟಿನ ತುಂಬ ಇರುವೆ. ಓದಿ, ವಾರ್ಡಿಗೆ ಫೋನು ಮಾಡಿ, ಆಗದ ಔಷಧ ಯಾವುದೂ ಇಲ್ಲ ಅಂದಳು. ವಾರ್ಡಿನವರು ಇಂಜೆಕ್ಷನ್ ಕೊಟ್ಟರು.

ಅದಾದ ಸ್ವಲ್ಪ ಹೊತ್ತಿಗೆ ಗೌಸಮೊದ್ದೀನ ಎಂದಿನ ಸುತ್ತಿನಲ್ಲಿ ಅಲ್ಲಿಗೆ ಬಂದ. ಜಯಾ ಇನ್ನೊಬ್ಬರ ಜೊತೆ ಫೋನಿನಲ್ಲಿದ್ದಳು. ಕೈ ಚಾಚಿ ಪ್ರೋಗ್ರಾಮಿನಿಂದ ಹೊರಗೆ ಬಂದು ರೀಸೆಟ್ ಹೊಡೆದ, ಜಾತಿ ಹೇಳಿದ. ಅವಳು ಫೋನಿನಲ್ಲಿದ್ದದ್ದರಿಂದ ಮಾತಾಡಲು ಯಾರೂ ಇರಲಿಲ್ಲ. ಅದಕ್ಕೇ ಆ ದಿನ ಅವನ ಕಣ್ಣು ಪರದೆಯ ಮೇಲಿತ್ತು. ಈಗ ಎಷ್ಟು ಸಾಲು ಇವೆ ಎಂದು ಕೇಳಿದ, ಇಪ್ಪತ್ನಾಲ್ಕು ಎಂದು ಬಂತು. ಒಂದು ಕಡಿಮೆ. ಇಪ್ಪತ್ತೈದು ಎಂದು ಹೊಡೆದು, ಮತ್ತೆ ಪ್ರೋಗ್ರಾಮಿನೊಳಗೆ ಬಿಟ್ಟು, ಅವಳ ಮೇಜಿನ ಮೇಲಿದ್ದ ಶೇಂಗಾ ಎರಡು ಬಾಯಿಗೆ ಹಾಕಿಕೊಂಡು ಹೊರಟ. ಫೋನು ಇಟ್ಟ ಜಯಾ, ಛಲೋ ಆತ್ರಿ ಮಾಮಾ, ಕಣ್ಣಿಗೆ ತಂಪಾತು ಅಂದಳು.

ಹುಲಿಗೆವ್ವ ಮಧ್ಯಾಹ್ನ ತೀರಿಕೊಂಡಳು. ಮುಖ ಬಾತು, ಉಸಿರು ಕಟ್ಟಿ. ಅವಳ ಹಳೆಯ ವಿವರವನ್ನು ಮತ್ತೆ ತೆಗೆದು ನೋಡಿದರೆ ಕೊನೆಯ ಸಾಲಿನಲ್ಲಿ ಅದೇ ಇಂಜೆಕ್ಷನ್ನಿನ ಹೆಸರು, ಮುಂದೆ ಕೊಡಬಾರದು ಎಂಬ ಮಾತು.

ಸುದ್ದಿ ಗೊತ್ತಾದ ಕೂಡಲೇ ಗೌಸಮೊದ್ದೀನ ನನ್ನ ಅಂಗಡಿಯ ಒಳಗಿನ ಕೋಣೆಗೆ ಬಂದು ಔಷಧದ ಪೆಟ್ಟಿಗೆಯ ಮೇಲೆ ಕೂತ. ನಡೆದದ್ದನ್ನು ಹೇಳಿದ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಸಾಲು ಕಡಿಮೆ ಎಂದರೆ ಆ ಕೊನೆಯ ಸಾಲು ಪರದೆಯ ಮೇಲೆ ಇರಲೇ ಇಲ್ಲ. ಜಯಾ ಓದದೆ ಬಿಟ್ಟದ್ದಲ್ಲ, ಅವಳಿಗೆ ಕಂಡೇ ಇಲ್ಲ.

"ಹಂಗಂದ್ರ ಮ್ಯಾಲೆ ಹೋಗಿ ಹೇಳು, ಇಲ್ಲಿ ಯಾಕ ಕುಂತಿ?" ಎಂದೆ.

ಹೋದ. ಅವನು ಹೆದರಿ ಸುಮ್ಮನಾದ ಎಂದು ಆಮೇಲೆ ಕೆಲವರು ಆಡಿಕೊಂಡರು, ಅದು ಶುದ್ಧ ಸುಳ್ಳು. ಅದೇ ಗಳಿಗೆಯಲ್ಲಿ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಡಳಿತಾಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರಂತೆ. ಆಮೇಲೆ ಎಲ್ಲರೂ ಕೆಳಗಿಳಿದು ಜಯಾಳ ಕಂಪ್ಯೂಟರಿನ ಮುಂದೆ ನಿಂತರು. ಎಷ್ಟು ಸಾಲು ಎಂದು ಕೇಳಿದರೆ ಅದು ಇಪ್ಪತ್ತೈದು ಅಂದಿತು. ಹುಲಿಗೆವ್ವನ ವಿವರ ತೆಗೆದರೆ ಕೊನೆಯ ಸಾಲು ಎದ್ದು ಕಾಣುತ್ತಿತ್ತು. ಯಾಕೆ ಕಾಣುವುದಿಲ್ಲ? ಅವನೇ ಸರಿ ಮಾಡಿಟ್ಟಿದ್ದನಲ್ಲ.

ಗೌಸಮೊದ್ದೀನ ಇಪ್ಪತ್ನಾಲ್ಕು ಎಂದು ಹೊಡೆದು ತೋರಿಸಿದ. ಸಾಲು ಮಾಯವಾಯಿತು. ಇಪ್ಪತ್ತೈದು ಮಾಡಿದ, ಬಂತು. ಇನ್ನೇನು ಬೇಕು ಎಂದು ಅವನು ಎಲ್ಲರ ಮುಖ ನೋಡಿದನಂತೆ. ಆಗ ಅಧಿಕಾರಿಗಳು ತಣ್ಣಗೆ ಅಂದರು:

"ಮಾಮಾ, ಈಗ ನೀವು ಕೆಡಿಸಿ ತೋರಿಸಿದ್ರಿ, ನಾವು ನೋಡಿದಿವಿ. ಆ ಹೊತ್ತಿನ್ಯಾಗ ಅದು ಕೆಟ್ಟಿತ್ತು ಅನ್ನೂದನ್ನ ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ, ಅವನೊಬ್ಬನ ಹೊರತು. ಯಾರು ಯಾವ ಆದೇಶ ಹೊಡೆದರು ಎಂಬುದನ್ನು ಸರ್ವರು ಬರೆದಿಟ್ಟುಕೊಳ್ಳುತ್ತದೆ ಎಂದು ಅವನಿಗೆ ನೆನಪಾಗಿ, ಅದನ್ನೂ ತೆಗೆಸಿದ. ತೆಗೆಸಬಾರದಿತ್ತು. ಆ ದಿನ ಜಯಾಳ ಟೇಬಲ್ಲಿನಲ್ಲಿ ಇಪ್ಪತ್ತೈದು ಎಂದು ಹೊಡೆದದ್ದು ಅದರಲ್ಲಿತ್ತು, ನಿಜ. ಹಿಂದಿನ ದಿನವೂ ಇತ್ತು, ಅದರ ಹಿಂದಿನ ದಿನವೂ ಇತ್ತು. ಪಕ್ಕದ ಟೇಬಲ್ಲಿನಲ್ಲೂ ಇತ್ತು, ಲ್ಯಾಬಿನಲ್ಲೂ ಇತ್ತು, ನನ್ನ ಔಷಧ ಅಂಗಡಿಯಲ್ಲೂ ಇತ್ತು. ಕೆಟ್ಟದ್ದಕ್ಕೂ ಕೆಡದ್ದಕ್ಕೂ ಒಂದೇ ಮದ್ದು ಹಾಕುತ್ತ ಬಂದವನು, ಈ ಒಂದು ಸಲ ಮಾತ್ರ ನಿಜವಾಗಿ ರೋಗವಿತ್ತು ಎಂದು ಹೇಗೆ ತೋರಿಸಿಯಾನು? ಎಷ್ಟು ಸಾಲು ಎಂದು ಅವನು ಕೇಳಿದ್ದು ಅಲ್ಲಿತ್ತು. ಅದಕ್ಕೆ ಪರದೆ ಕೊಟ್ಟ ಉತ್ತರ ಇರಲಿಲ್ಲ. ಉತ್ತರವನ್ನು ಸರ್ವರು ಬರೆದಿಡುವುದಿಲ್ಲವಂತೆ. ನನಗೆ ಆ ಸರ್ವರಿನ ಮೇಲೂ ಅವನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಒಂದೇ ಒಂದು ದಿನ ಕೈ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದರೆ ಕೆಟ್ಟ ಪರದೆ ಹಾಗೇ ಉಳಿಯುತ್ತಿತ್ತು, ಎಲ್ಲರೂ ನೋಡುತ್ತಿದ್ದರು, ಜಯಾ ಉಳಿಯುತ್ತಿದ್ದಳು.

ವಿಚಾರಣೆ ನಡೆದದ್ದು ಮೇಲಿನ ತಣ್ಣನೆಯ ಕೋಣೆಯಲ್ಲಿ, ಸರ್ವರಿನದೇ ಪರದೆಯ ಮುಂದೆ. ಅದು ಎಂದೂ ಕೆಡದ ದೊಡ್ಡ ಪರದೆ. ಹುಲಿಗೆವ್ವನ ಪುಟ ತೆಗೆದಿಟ್ಟು ಜಯಾಳನ್ನು ಕರೆದರು. ಕೊನೆಯ ಸಾಲು ಓದು ಅಂದರು, ಓದಿದಳು. ಸ್ಪಷ್ಟ ಕಾಣುತ್ತದೆಯೇ ಅಂದರು, ಕಾಣುತ್ತದೆ ಅಂದಳು. ವಕೀಲರು ಬಂದಾಗ ಮತ್ತೆ ಕರೆದು ಅದೇ ಪುಟ, ಅದೇ ಪ್ರಶ್ನೆ. ಆಸ್ಪತ್ರೆಯ ಯಜಮಾನರು ಬಂದಾಗ ಮತ್ತೆ. ಕಡೆಗೆ ಯಮನಪ್ಪನನ್ನೂ ಅವನ ಕಡೆಯವರನ್ನೂ ಕರೆಸಿ, ಅವರ ಎದುರಿಗೂ ಓದಿಸಿದರು. ತಪ್ಪು ಆಸ್ಪತ್ರೆಯದಲ್ಲ, ಒಬ್ಬ ಆಪರೇಟರಿನದು ಎಂದು ತೋರಿಸಬೇಕಿತ್ತು. ಗೌಸಮೊದ್ದೀನ ಪ್ರತಿ ಸಲ ಬಾಗಿಲಲ್ಲಿ ನಿಂತು, ಇದಲ್ಲ ಅವಳು ನೋಡಿದ ಪರದೆ ಎಂದು ಹೇಳುತ್ತಿದ್ದ. ಕೊನೆಗೆ ಅವನನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು.

ಯಮನಪ್ಪ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಜಯಾ ಓದಿ ಮುಗಿಸಿದ ಮೇಲೆ ಹತ್ತಿರ ಬಂದು ಒಂದೇ ಮಾತು ಕೇಳಿದನಂತೆ:

"ಇಷ್ಟ್ ಛಲೋ ಓದತೀರಲ್ಲ ಅಕ್ಕಾರ, ಅವತ್ತ್ಯಾಕ ಓದಲಿಲ್ಲ?"

ಜಯಾಳನ್ನು ತಿಂಗಳ ಕೊನೆಗೆ ಮನೆಗೆ ಕಳಿಸಿದರು. ಪೇಪರಿನಲ್ಲಿ ಎರಡು ಸಾಲು ಬಂತು, ಹೆಸರಿರಲಿಲ್ಲ, ಆದರೂ ಗೋಪನಕೊಪ್ಪದಲ್ಲಿ ಯಾರಿಗೆ ಗೊತ್ತಾಗುವುದಿಲ್ಲ?

ಅದೇ ವಾರ ಗೌಸಮೊದ್ದೀನ ಸರ್ವರಿನ ಮುಂದೆ ಕೂತು, ಯಾವ ಟೇಬಲ್ಲಿನಿಂದ ಯಾರು ಒಳಗೆ ಬಂದರೂ ಪರದೆಯ ಜಾತಿಯನ್ನೂ ಸಾಲನ್ನೂ ಸರ್ವರು ತಾನೇ ವಿಚಾರಿಸಿಕೊಳ್ಳುವ ಹಾಗೆ ಬರೆದಿಟ್ಟ. ಒಂದು ಮಧ್ಯಾಹ್ನದ ಕೆಲಸ. ಇಷ್ಟೇ ಇತ್ತೇನು ಎಂದು ನಾನು ಕೇಳಿದಾಗ ಹೌದು ಎಂದು ತಲೆ ತಗ್ಗಿಸಿದ. ಆಡಬಾರದ್ದು ಎರಡು ಮಾತು ಆಡಿದೆ. ಅಂದಿನಿಂದ ಕರೆಂಟು ಎಷ್ಟು ಸಲ ಹೋಗಿ ಬಂದರೂ ಇರುವೆ ಹತ್ತಲಿಲ್ಲ, ಮಾಮಾ ಎಂದು ಯಾರೂ ಕೂಗಲಿಲ್ಲ. ಸುತ್ತು ಹಾಕುವುದನ್ನು ಅವನೂ ಬಿಟ್ಟ. ಏನಾದರೂ ಕೆಟ್ಟಿದೆ ಎಂದು ಕರೆದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ, ಪಕ್ಕದವರನ್ನು ಕರೆದು ನೋಡಿರಿ ಅನ್ನುತ್ತಿದ್ದ, ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಹೊಡೆಯುತ್ತಿದ್ದ. ಆ ಬೆರಳುಗಳನ್ನು ಹಾಗೆ ನೋಡಲು ನನಗೆ ಸಂಕಟವಾಗುತ್ತಿತ್ತು. ಮನೆಯಲ್ಲೂ ಮಾತು ನಿಂತಿದೆ ಎಂದು ಅವನ ಹೆಂಡತಿ ಹುಮಾ ನನ್ನ ಹತ್ತಿರ ಅತ್ತಳು.

ದಸರೆ ಮುಗಿದ ಮೇಲೆ ಒಂದು ಭಾನುವಾರ ಅವನು ನನ್ನ ಮನೆಗೆ ಬಂದ. ಹೆಗಲಿಗೆ ಒಂದು ಹಳೆಯ ಲ್ಯಾಪ್‌ಟಾಪಿನ ಚೀಲ. ಜಯಾಳ ಮನೆಗೆ ಹೋಗಬೇಕು, ಒಬ್ಬನೇ ಹೋಗಲು ಧೈರ್ಯ ಸಾಲದು, ಬನ್ನಿ ಅಂದ. ಆಸ್ಪತ್ರೆಯವರು ನಂಬದಿದ್ದರೆ ಸಾಯಲಿ, ಅವಳ ಕೆಲಸ ಹೋದದ್ದು ಹೋಯಿತು; ತಪ್ಪು ಅವಳದಲ್ಲ ಎಂದು ಅವಳಿಗಾದರೂ ಗೊತ್ತಿರಬೇಕು, ಅಷ್ಟೇ ಅವನಿಗೆ ಬೇಕಾದದ್ದು. ವಿಚಾರಣೆಯ ದಿನಗಳಲ್ಲಿ ಅವಳ ಹತ್ತಿರ ಮಾತಾಡಲು ಅವನನ್ನು ಬಿಟ್ಟಿರಲಿಲ್ಲ, ಆಮೇಲೆ ಅವಳು ಫೋನು ಎತ್ತಿರಲಿಲ್ಲ.

ಜಯಾ ನಡುಮನೆಯಲ್ಲಿ ಕೂತು ಸೀರೆಗೆ ಫಾಲು ಹಚ್ಚುತ್ತಿದ್ದಳು. ಗಂಡ ಸ್ಪೇರ್ ಪಾರ್ಟಿನ ಅಂಗಡಿಗೆ ಹೋಗಿದ್ದ. ಸೊರಗಿದ್ದಳು. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು, ಚಹಾ ಮಾಡಿದಳು, ಗೊಣಗಲಿಲ್ಲ. ಮೊದಲಿನ ಹಾಗೆ ಒಂದು ಸಲ ಗೊಣಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೌಸಮೊದ್ದೀನ ಲ್ಯಾಪ್‌ಟಾಪು ತೆರೆದ. ಆಸ್ಪತ್ರೆಯ ಪುಟದ ಹಾಗೆಯೇ ಒಂದು ಪುಟ ಮಾಡಿ ತಂದಿದ್ದ. ಅದೇ ಚೌಕಟ್ಟು, ಅದೇ ಇಪ್ಪತ್ತೈದು ಸಾಲು, ಹೆಸರು ಮಾತ್ರ ಬೇರೆ. ಕರೆಂಟು ಹೋಗಿ ಬಂದಾಗ ಏನಾಗುತ್ತದೆ, ಸರ್ವರು ಏನು ತಿಳಿದುಕೊಳ್ಳುತ್ತದೆ ಎಂದು ನನಗೆ ಹೇಳಿದ ಹಾಗೆಯೇ ಅವಳಿಗೂ ಹೇಳಿದ. ಇಪ್ಪತ್ನಾಲ್ಕು ಎಂದು ಹೊಡೆದ. ಕೊನೆಯ ಸಾಲು ಹೋಯಿತು.

"ನೋಡು ತಂಗಿ. ಆ ಹೊತ್ತಿಗೆ ನಿನ್ನ ಟೇಬಲ್ ಮ್ಯಾಲೆ ಹಿಂಗ ಇತ್ತು. ನಾ ನನ್ನ ಕಣ್ಣಿಲೆ ನೋಡೇನಿ. ನಿನಗ ಆ ಸಾಲು ಕಂಡಿಲ್ಲ. ಕಾಣಾಕ ಸಾಧ್ಯನ ಇರಲಿಲ್ಲ."

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. ಇನ್ನೊಂದು ಸಲ ಮಾಡಿ ತೋರಿಸಿರಿ ಅಂದಳು. ತೋರಿಸಿದ. ಸಾಲು ಬಂತು, ಹೋಯಿತು. ಅವಳ ಕಣ್ಣು ತುಂಬಿದ್ದು ಕಂಡು, ಅಂತೂ ಅರ್ಥವಾಯಿತು, ಎದೆಯ ಮೇಲಿನ ಭಾರ ಇಳಿಯಿತು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ನೀವು ಒಳ್ಳೆಯವರದೀರಿ ಮಾಮಾ," ಅಂದಳು. "ನನಗ ಸಮಾಧಾನ ಆಗ್ಲಿ ಅಂತ ಇಷ್ಟೆಲ್ಲಾ ಮಾಡಿ ತಂದೀರಿ."

"ಸಮಾಧಾನಕ್ಕಲ್ಲವಾ, ಇದು ಖರೇ."

"ಇಲ್ಲರಿ. ನಾ ಆ ಸಾಲು ನೋಡೇನಿ."

ಅವನು ಕಾಣಲು ಸಾಧ್ಯವೇ ಇಲ್ಲ ಎಂದು ಮತ್ತೆ ಶುರು ಮಾಡಿದ. ಅವರು ಮೇಲಿನ ಕೋಣೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಓದಿಸಿದ್ದೇ ನಿನ್ನ ತಲೆಯಲ್ಲಿ ಕೂತಿದೆ ಎಂದು ನಾನೂ ಗದರಿದೆ. ಅವಳು ನಮ್ಮಿಬ್ಬರ ಮಾತೂ ಮುಗಿಯಲಿ ಎಂದು ಕಾದಳು.

"ಅಲ್ಲಿ ಓದಿದ್ದು ಬ್ಯಾರೆ ಅಕ್ಕಾರ. ನಾ ಹೇಳಾಕತ್ತಿದ್ದು ನನ್ನ ಟೇಬಲ್ಲಿಂದು. ಕಣ್ಣು ಮುಚ್ಚಿದ್ರ ಕಾಣತೈತಿ. ಯಮನಪ್ಪ ಎದುರಿಗೆ ನಿಂತಾನ, ಫೋನು ನನ್ನ ಕೈಯಾಗ ಐತಿ, ಸಾಲು ಪರದೆ ಮ್ಯಾಲೆ ಐತಿ. ನಾ ಓದೇನಿ. ಓದಿ ಯಾಕ ಹೇಳಲಿಲ್ಲ, ಅದೊಂದ ನೆನಪಾಗವಲ್ದು. ದಿನಾ ಕುಂತು ಅದನ್ನ ನೆನಪ ಮಾಡಕೊಳ್ಳಾಕತ್ತೇನಿ."

ಅಷ್ಟು ಹೇಳಿ ಸೀರೆಯನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು. ಗೌಸಮೊದ್ದೀನ ಇಪ್ಪತ್ತೈದು ಎಂದು ಹೊಡೆದ, ಇಪ್ಪತ್ನಾಲ್ಕು ಎಂದು ಹೊಡೆದ, ಮತ್ತೆ ಇಪ್ಪತ್ತೈದು ಎಂದು ಹೊಡೆದ. ಅವಳು ತಲೆ ಎತ್ತಿ ನೋಡಲಿಲ್ಲ. ಸಾಕು ಏಳಪ್ಪ ಎಂದು ನಾನೇ ಅವನ ಕೈ ಹಿಡಿದೆ.